ಎರಡು ಸಲ ಎಳೆದು ನೋಡಿ

ನಮ್ಮ ಮನೆಯಲ್ಲಿ ರಜೆ ಎಂದರೆ ಬೇರೆಯವರ ರೋಲರ್ ಕೋಸ್ಟರ್. ಉಳಿದ ಜನ ಸಮುದ್ರ ನೋಡಲು ಹೋಗುತ್ತಾರೆ, ಬೆಟ್ಟ ಹತ್ತುತ್ತಾರೆ, ಇಲ್ಲವೇ ನೆಂಟರ ಮನೆಯಲ್ಲಿ ಉಂಡು ಮಲಗಿ ತೂಕ ಹೆಚ್ಚಿಸಿಕೊಂಡು ಬರುತ್ತಾರೆ. ನಮಗೆ ಆ ಭಾಗ್ಯವಿಲ್ಲ. ನಮ್ಮವರು ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಪ್ಲಾಟ್‌ಫಾರ್ಮ್ ಮೇಲೆ ಕೆಲಸ ಮಾಡುತ್ತಾರೆ. ಸೀಸನ್ನಿಗೆ ಮುಂಚೆ ರಿಪೇರಿಗೆಂದು ಪಾರ್ಕು ಮುಚ್ಚಿದಾಗ ಸಿಬ್ಬಂದಿಗೆಲ್ಲ ರಜೆ. ಆ ದಿನಗಳಲ್ಲಿ ಬೇರೆ ಊರಿನ ಪಾರ್ಕುಗಳಿಗೆ ಹೋಗಿ ಗುರುತಿನ ಕಾರ್ಡು ತೋರಿಸಿದರೆ ಇಡೀ ಸಂಸಾರಕ್ಕೆ ಬಿಟ್ಟಿ ಪ್ರವೇಶ. ಅಲ್ಲಿಯವರು ಬಂದರೆ ನಮ್ಮಲ್ಲೂ ಹಾಗೆಯೇ. ಬಿಟ್ಟಿ ಎಂದ ಮೇಲೆ ಸಮುದ್ರ ಯಾರಿಗೆ ಬೇಕು? ಮಿಠಾಯಿ ಅಂಗಡಿಯವನು ರಜೆ ಹಾಕಿ ಪಕ್ಕದ ಬೀದಿಯ ಮಿಠಾಯಿ ಅಂಗಡಿಗೆ ಹೋಗಿ ಕೂತ ಹಾಗೆ ನಾವು ವರ್ಷವರ್ಷವೂ ಹೊರಡುತ್ತೇವೆ.

ಇವರ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಜನ ಬೋಗಿಯಲ್ಲಿ ಕೂತ ಮೇಲೆ ಅವರ ತೊಡೆಯ ಮೇಲೆ ಒಂದು ಕಬ್ಬಿಣದ ಕಂಬಿ ಇಳಿಯುತ್ತದೆ. ಇಬ್ಬರಿಗೆ ಒಂದು ಕಂಬಿ. ಅದು ಕೆಳಗಿಳಿದು ಕಚ್ಚಿಕೊಳ್ಳಬೇಕು. ಕಚ್ಚಿಕೊಂಡಿದೆಯೋ ಇಲ್ಲವೋ ಎಂದು ಇವರು ಕೈಯಿಂದ ಮೇಲಕ್ಕೆ ಎಳೆದು ನೋಡುತ್ತಾರೆ. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಜೋರಾಗಿ ಎಳೆಯುವುದು ಕಂಬಿಗಾಗಿ, ಮೆಲ್ಲಗೆ ಎಳೆಯುವುದು ನನಗಾಗಿ ಎನ್ನುತ್ತಾರೆ. ಸರಿಯಾಗಿ ಕಚ್ಚದ ಕಂಬಿಯೊಳಗೆ ಒಂದು ಸಣ್ಣ ಅದುರು ಇರುತ್ತದಂತೆ, ಅದು ಬೆರಳ ತುದಿಗೆ ಮಾತ್ರ ತಿಳಿಯುತ್ತದಂತೆ. ಎರಡು ಸಲ ಎಳೆದ ಮೇಲೆ "ಹೂಂ" ಎಂದು ಮುಂದಿನ ಸಾಲಿಗೆ ಹೋಗುತ್ತಾರೆ. ಹೊಸ ಕೋಸ್ಟರುಗಳಲ್ಲಿ ಕಂಬಿ ಕಚ್ಚಿಕೊಂಡರೆ ಹಸಿರು ದೀಪ ಹತ್ತುತ್ತದೆ. ನಮ್ಮ ಪಾರ್ಕಿನದು ಹಳೆಯದು, ದೀಪಗೀಪ ಏನೂ ಇಲ್ಲ. ಇವರ ಬೆರಳೇ ದೀಪ.

ಆ "ಹೂಂ" ನಮ್ಮ ಸಂಸಾರದಲ್ಲಿ ಒಂದು ಕಾಯಿದೆಯಾಗಿಬಿಟ್ಟಿದೆ. ಎಲ್ಲಿಗೆ ಹೋಗಲಿ, ಅಲ್ಲಿಯ ಕೆಲಸಗಾರರು ಎಷ್ಟೇ ನೋಡಲಿ, ನಮ್ಮವರು ಬಂದು ಎರಡು ಸಲ ಎಳೆದು "ಹೂಂ" ಎನ್ನುವ ತನಕ ನಮ್ಮ ಮಗಳು ಕಣ್ಣು ಮುಚ್ಚುವುದಿಲ್ಲ, ನಮ್ಮತ್ತೆ ಕಂಬಿ ಹಿಡಿಯುವುದಿಲ್ಲ. ಕೆಲವು ಕಡೆ ಅಲ್ಲಿಯವರು ಮುಖ ಊದಿಸಿಕೊಳ್ಳುತ್ತಾರೆ. ಇವರು ಕಾರ್ಡು ತೋರಿಸಿ ಹಲ್ಲು ಕಿರಿಯುತ್ತಾರೆ. ತಾವು ಮಾತ್ರ ಒಂದು ದಿನವೂ ಹತ್ತಿದವರಲ್ಲ. ಕೇಳಿದರೆ, "ನಾನೂ ಹತ್ತಿದ್ರೆ ಕೆಳಗೆ ಯಾರಿರ್ತಾರೆ?" ಎನ್ನುತ್ತಾರೆ, ತಾವು ಕೆಳಗೆ ನಿಂತು ಹಳಿಯನ್ನು ಹೊತ್ತುಕೊಂಡಿರುವವರ ಹಾಗೆ.

ಈ ಸಲ ಮೂರು ಪಾರ್ಕುಗಳ ಪ್ರವಾಸ. ನಾವು ನಾಲ್ವರು: ಇವರು, ನಾನು, ಇವರ ತಾಯಿ, ನಮ್ಮ ಮಗಳು ಪಿಟೀಲು. ಕೂಸಾಗಿದ್ದಾಗ ಒಂದೇ ರಾಗದಲ್ಲಿ ಗಂಟೆಗಟ್ಟಲೆ ಅಳುತ್ತಿದ್ದಳೆಂದು ಅತ್ತೆ ಇಟ್ಟ ಹೆಸರು. ಈಗ ಹೈಸ್ಕೂಲು ಮುಗಿಸುವ ವಯಸ್ಸು, ಬಾಯಿ ಬಿಡಿಸಿದರೂ ಮಾತು ಬರುವುದಿಲ್ಲ, ಆದರೂ ಹೆಸರು ಹಾಗೆಯೇ ಉಳಿದಿದೆ. ಅತ್ತೆಗೆ ಎಪ್ಪತ್ತು ದಾಟಿದೆ, ಗೇಟಿನಲ್ಲಿ ಕೇಳಿದರೆ ಅರವತ್ತು ಎನ್ನುತ್ತಾರೆ. ರೋಲರ್ ಕೋಸ್ಟರೆಂದರೆ ನಮ್ಮೆಲ್ಲರಿಗಿಂತ ಅವರಿಗೇ ಹುಚ್ಚು. ಇಳಿಜಾರಿನಲ್ಲಿ ಬೇರೆಯವರು ಅಯ್ಯೋ ಅಮ್ಮಾ ಎಂದು ಕೂಗಿಕೊಂಡರೆ ಅವರು ತೀರಿಹೋದ ಮಾವನವರನ್ನು ಬೈಯುತ್ತಾರೆ. ಬದುಕಿದ್ದಾಗ ಎದುರಿಗೆ ಆಡಲಾಗದ್ದನ್ನೆಲ್ಲ ಅಲ್ಲಿ ಆಡಿ ಮುಗಿಸಿ, ಕೆಳಗಿಳಿದ ಮೇಲೆ ಕೂದಲು ಸರಿಮಾಡಿಕೊಂಡು "ಹಗುರಾಯ್ತು ಕಣಮ್ಮ" ಎನ್ನುತ್ತಾರೆ.

ಮೊದಲ ಊರಿಗೆ ಬಂದಿಳಿದ ಸಂಜೆ ಲಾಡ್ಜಿನ ರೂಮಿನಲ್ಲಿ ಅದು ನಡೆಯಿತು. ಪಕ್ಕದ ರೂಮಿನಲ್ಲಿ ಅಜ್ಜಿ ಮೊಮ್ಮಗಳು ಬ್ಯಾಗು ಬಿಚ್ಚುತ್ತಿದ್ದರು. ಇಲ್ಲಿ ಮೇಜಿನ ಮೇಲೆ ಕರೆಂಟಿನಲ್ಲಿ ನೀರು ಕಾಯಿಸುವ ಸ್ಟೀಲಿನ ಜಗ್ಗು. ನೀರು ಕುದಿಯಿತು. ಇವರು ಜಗ್ಗಿನ ಹಿಡಿಯನ್ನು ಬಿಟ್ಟು ಅದರ ಹೊಟ್ಟೆಯನ್ನೇ ಬಲಗೈಯಲ್ಲಿ ಹಿಡಿದು ಎತ್ತಿ, ನಿಧಾನವಾಗಿ ಎರಡು ಲೋಟಕ್ಕೆ ಸುರಿದು, ಮತ್ತೆ ಸ್ವಸ್ಥಾನದಲ್ಲಿಟ್ಟರು. ಕಣ್ಣು ಟಿವಿಯ ಮೇಲಿತ್ತು. ಬೆರಳೆಲ್ಲ ಕೆಂಪಗಾಗಿತ್ತು.

"ಬಿಸಿ ಇಲ್ವಾ?" ಎಂದೆ.

"ಏನು?" ಎಂದರು ಟಿವಿಯಿಂದ ಕಣ್ಣು ತೆಗೆಯದೆ.

ನಾನು ರೆಡಿಮೇಡ್ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡುವವಳು, ಸೊಂಟ ಬಿಗಿ ಮಾಡುವವಳು, ಜಿಪ್ಪು ಬದಲಿಸುವವಳು. ನನ್ನ ಚೀಲದಲ್ಲಿ ಸೂಜಿ ಇಲ್ಲದ ದಿನವಿಲ್ಲ. ಸೂಜಿ ತೆಗೆದೆ. ಇವರ ಪಕ್ಕ ಹೋಗಿ ಕೂತು, ತೊಡೆಯ ಮೇಲಿದ್ದ ಬಲಗೈಯ ಕಿರುಬೆರಳಿಗೆ ಮೆಲ್ಲಗೆ ಚುಚ್ಚಿದೆ. ಸುಮ್ಮನಿದ್ದರು. ಉಂಗುರದ ಬೆರಳಿಗೆ ಸ್ವಲ್ಪ ಜೋರಾಗಿ ಚುಚ್ಚಿದೆ. ಟಿವಿಯಲ್ಲಿ ಯಾರೋ ಜೋಕು ಹೇಳಿದರು, ಇವರು ನಕ್ಕರು. ನಡುಬೆರಳು, ತೋರುಬೆರಳು, ಹೆಬ್ಬೆರಳು. ಹೆಬ್ಬೆರಳಿನಲ್ಲಿ ಒಂದು ಹನಿ ರಕ್ತ ಬಂದು ನಿಂತಿತು. ಆಗಲೂ ನಗುತ್ತಲೇ ಇದ್ದರು.

"ಯಾವಾಗಿಂದ?" ಎಂದೆ.

"ಏನು ಯಾವಾಗಿಂದ?"

"ರೀ, ಐದು ಬೆರಳಿಗೂ ಸೂಜಿ ಹಾಕಿದ್ದೀನಿ. ಒಂದ್ಸಲ ಕೈ ನೋಡ್ಕೊಳ್ಳಿ."

ನೋಡಿಕೊಂಡರು. ಟಿವಿಯ ಸದ್ದು ಸಣ್ಣದು ಮಾಡಿದರು. ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿದರು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ.

"ಕತ್ತಿನ ನರ ಒತ್ಕೊಂಡಿದೆ ಅಂದ್ರು ಡಾಕ್ಟ್ರು," ಎಂದರು. "ಕೆಲವು ದಿನ ಸ್ವಲ್ಪ ಗೊತ್ತಾಗುತ್ತೆ. ಕೆಲವು ದಿನ ಏನೂ ಇಲ್ಲ."

"ಡಾಕ್ಟ್ರ ಹತ್ರ ಹೋಗಿದ್ರಾ? ನನಗೆ ಹೇಳದೆ?"

"ಹೇಳಿದ್ರೆ ನೀನು ಕೆಲಸ ಬಿಡು ಅಂತೀಯ."

"ಅಂತೀನಿ. ಸೀಸನ್ ಶುರುವಾದ್ರೆ ಏನ್ ಮಾಡ್ತೀರಾ?"

"ಎಳೆದು ನೋಡ್ತೀನಿ. ಬೆರಳಿಗೆ ಗೊತ್ತಾಗದಿದ್ರೆ ಭುಜಕ್ಕೆ ಗೊತ್ತಾಗುತ್ತೆ."

"ಎಡಗೈ ಇಲ್ವಾ?"

"ಎಡಗೈ ದಡ್ಡ ಕಣೆ. ಅದಕ್ಕೆ ಏನೂ ಕಲಿಸಿಲ್ಲ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆಗ ಬರಬೇಕಿತ್ತು, ಬರಲಿಲ್ಲ. ಭಯವಾದರೂ ಬರಬೇಕಿತ್ತು. ಇವರ ಬೆರಳನ್ನು ನಂಬಿಕೊಂಡು ಎಷ್ಟು ಮಕ್ಕಳು ಆ ಬೋಗಿಗಳಲ್ಲಿ ಕೂರುತ್ತಾರೆ, ಆ ಎತ್ತರದಿಂದ ಧುಮುಕುತ್ತಾರೆ! ಅದೆಲ್ಲ ನನಗೆ ಬುದ್ಧಿಗೆ ಗೊತ್ತಾಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ನಮ್ಮದೋ ಬೇರೆಯವರದೋ ತಿಳಿಯುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು.

"ಊರಿಗೆ ಹೋಗೋ ತನಕ ಸುಮ್ನಿರು," ಎಂದರು. "ಅಮ್ಮನಿಗೆ, ಮಗುಗೆ ಗೊತ್ತಾಗೋದು ಬೇಡ. ಮೂರು ಪಾರ್ಕು ಮುಗೀಲಿ. ಆಮೇಲೆ ಸೂಪರ್‌ವೈಸರ್‌ಗೆ ನಾನೇ ಹೇಳ್ತೀನಿ."

"ಹೇಳ್ತೀರಾ?"

ಇವರು ಟಿವಿಯ ಸದ್ದು ಮತ್ತೆ ಜಾಸ್ತಿ ಮಾಡಿದರು. ಹೇಳುವುದಿಲ್ಲವೆಂದು ನನಗೆ ಅಲ್ಲೇ ತಿಳಿಯಿತು. ಆದರೂ "ಸರಿ" ಎಂದೆ. ಪ್ಲಾಟ್‌ಫಾರ್ಮಿನಿಂದ ಇಳಿಸಿದರೆ ಇವರನ್ನು ಎಲ್ಲಿ ಹಾಕುತ್ತಾರೆಂದು ನನಗೆ ಗೊತ್ತಿತ್ತು. ಮಂಡಿ ಕೆಟ್ಟ ಒಬ್ಬರನ್ನು ಹಿಂದೆ ಪಾರ್ಕಿಂಗಿಗೆ ಹಾಕಿದ್ದರು, ಬಾಯಲ್ಲಿ ಒಂದು ಸೀಟಿ ಕೊಟ್ಟು. ಅವರು ಪ್ಲಾಟ್‌ಫಾರ್ಮಿನಲ್ಲಿದ್ದಾಗ ಮಕ್ಕಳು ಕೈಬೀಸುತ್ತಿದ್ದರು. ಈಗ ಕಾರು ಹಿಂದೆ ತೆಗೆಯುವವರು ಮಾತ್ರ ಅವರ ಕಡೆ ನೋಡುತ್ತಾರೆ. ಇವರು ಅವರ ಸುದ್ದಿ ಬಂದಾಗಲೆಲ್ಲ ಮಾತು ಬದಲಿಸುತ್ತಾರೆ.

ಮೊದಲ ಪಾರ್ಕು ಹೊಸದು. ಎಲ್ಲೆಲ್ಲೂ ಬಣ್ಣ, ಎಲ್ಲೆಲ್ಲೂ ಹಾಡು, ನೆಲವನ್ನು ನೆಕ್ಕಿದರೂ ಧೂಳು ಸಿಗದಷ್ಟು ಚೊಕ್ಕಟ. ಕೋಸ್ಟರಿನ ಹಳಿ ನೀಲಿ. ನಾನು ಪಿಟೀಲಿನ ಪಕ್ಕ ಹಟ ಹಿಡಿದು ಕೂತೆ. ಅತ್ತೆ ಹಿಂದಿನ ಸಾಲಿನಲ್ಲಿ ಯಾರೋ ಕಾಲೇಜು ಹುಡುಗಿಯ ಪಕ್ಕ ಕೂತು ಅವಳಿಗೆ ಧೈರ್ಯ ಹೇಳತೊಡಗಿದರು. ಕಂಬಿ ಇಳಿಯಿತು, ಹಸಿರು ದೀಪ ಹತ್ತಿತು. ನಮ್ಮವರು ಬಂದರು. ಬಲಗೈಯಿಂದ ಜೋರಾಗಿ ಒಂದು ಸಲ, ಮೆಲ್ಲಗೆ ಒಂದು ಸಲ. "ಹೂಂ." ಪಿಟೀಲು ಕಣ್ಣು ಮುಚ್ಚಿದಳು. ಇವರು ಅತ್ತ ತಿರುಗಿದ್ದೇ ತಡ ನಾನು ಮಗಳ ಜಾಕೆಟ್ಟು ಸರಿಮಾಡುವ ನೆಪದಲ್ಲಿ ಕಂಬಿಯನ್ನು ಎಳೆದು ನೋಡಿದೆ. ಗಟ್ಟಿಯಾಗಿತ್ತು. ದೀಪ ಹತ್ತಿದ ಮೇಲೆ ಗಟ್ಟಿಯಾಗಿರದೆ ಏನು?

ಹತ್ತಿದೆವು, ತುದಿಯಲ್ಲಿ ಒಂದು ಗಳಿಗೆ ನಿಂತೆವು, ಬಿದ್ದೆವು. ಹಿಂದಿನಿಂದ ಅತ್ತೆ ಮಾವನವರನ್ನು ಬೈಯುವುದು ಕೇಳಿಸಿತು, ಯಾವುದೋ ಮದುವೆಗೆ ಕರೆದುಕೊಂಡು ಹೋಗದಿದ್ದ ಬಗ್ಗೆ. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರಬೇಕಿತ್ತು. ನನ್ನದು ಇದ್ದಲ್ಲೇ ಇತ್ತು. ಕೆಳಗೆ ಒಂದು ಪರದೆಯ ಮೇಲೆ, ಇಳಿಜಾರಿನಲ್ಲಿ ತೆಗೆದ ನಮ್ಮ ಫೋಟೋ ತೋರಿಸುತ್ತಿದ್ದರು. ಎಲ್ಲರ ಬಾಯಿ ಗುಹೆಯಾಗಿತ್ತು, ಕೂದಲು ಆಕಾಶಕ್ಕೆ ಹೋಗಿತ್ತು. ನಡುವೆ ನಾನು ಬಾಯಿ ಮುಚ್ಚಿಕೊಂಡು ನೇರ ನೋಡುತ್ತಿದ್ದೆ.

"ಅಮ್ಮ, ಬಸ್ಸಲ್ಲಿ ಕೂತಿರೋ ಹಾಗಿದ್ದೀಯ!" ಎಂದು ಪಿಟೀಲು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಬಹಳ ದಿನಗಳಾಗಿತ್ತು. ನನಗೆ ಸಂತೋಷವಾಗಬೇಕಿತ್ತು ಎಂದುಕೊಂಡೆ.

ಎರಡನೆಯ ಪಾರ್ಕಿನಲ್ಲೂ ಅದೇ. ಅಲ್ಲಿ ಭುಜದ ಮೇಲಿಂದ ಇಳಿಯುವ ದಪ್ಪ ಕಂಬಿ, ಅಲ್ಲೂ ದೀಪ. ಇವರು ಎರಡು ಸಲ ಎಳೆದು "ಹೂಂ" ಎಂದರು. ನಾನು ಮತ್ತೆ ಪಿಟೀಲಿನ ಕಡೆ ಕೈಚಾಚಿದೆ. ಈ ಸಲ ಅವಳು ನನ್ನ ಕೈ ಹಿಡಿದುಕೊಂಡಳು.

"ಯಾಕಮ್ಮ ನೋಡ್ತೀಯ? ಅಪ್ಪ ನೋಡಿದ್ನಲ್ಲ."

"ಜಾಕೆಟ್ ಸರಿ ಮಾಡ್ದೆ ಕಣೆ."

"ಜಾಕೆಟ್ ಅಲ್ಲ. ನಿನ್ನೆನೂ ನೋಡಿದೆ ನೀನು. ಅಪ್ಪ ನೋಡಿದ್ಮೇಲೆ ನೋಡ್ಬೇಡ. ಅವನಿಗೆ ಕಾಣಿಸಿದ್ರೆ ಹೇಗನಿಸುತ್ತೆ?"

ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಅಪ್ಪನ ಬೆರಳು ಸತ್ತಿದೆ ಎಂದು ಮಗಳಿಗೆ ಹೇಳುವುದು ಹೇಗೆ, ಅದೂ ಕಂಬಿಯೊಳಗೆ ಕಟ್ಟಿಹಾಕಿಸಿಕೊಂಡು ಕೂತಾಗ? ಬೋಗಿ ಹೊರಟಿತು. ಸುತ್ತು ಮುಗಿಯುವ ತನಕ ಅವಳು ನನ್ನ ಮುಖ ನೋಡಲಿಲ್ಲ. ಕೆಳಗಿಳಿದು ನೇರ ಅಪ್ಪನ ಹತ್ತಿರ ಹೋಗಿ ಅವರ ಬಲತೋಳಿಗೆ ತೋಳು ಸೇರಿಸಿಕೊಂಡು ಐಸ್‌ಕ್ರೀಮಿನ ಅಂಗಡಿಗೆ ನಡೆದಳು. ಐಸ್‌ಕ್ರೀಮನ್ನು ಇವರು ಎಡಗೈಯಲ್ಲಿ ಹಿಡಿದು ತಿಂದರು. ಅತ್ತೆ ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ, "ಚಿಕ್ಕಂದಿನಲ್ಲೂ ಹೀಗೇ, ಸುರಿಸಿಕೊಳ್ತಿದ್ದ" ಎಂದು ಕರ್ಚೀಪು ತೆಗೆದು ಮಗನ ಅಂಗಿ ಒರೆಸಿದರು.

ಆ ಸಂಜೆ ಲಾಡ್ಜಿನಲ್ಲಿ ನಾನು ಮತ್ತೆ ಕೇಳಿದೆ.

"ಈಗ್ಲೇ ಫೋನ್ ಮಾಡಿ ಹೇಳ್ಬಿಡಿ ರೀ. ನಾಳೆ ಹೇಳೋದನ್ನ ಇವತ್ತು ಹೇಳಿದ್ರೆ ಏನಾಗುತ್ತೆ?"

"ಮೂರು ಪಾರ್ಕು ಅಂತ ಒಪ್ಕೊಂಡಿದ್ದೀಯ."

"ಮೂರಾದ್ಮೇಲೆ ಹೇಳ್ದೇ ಇದ್ರೆ ನಾನು ಹೇಳ್ತೀನಿ. ಸೀಸನ್ ಮೊದಲ ದಿನ ಪಾರ್ಕಿನ ಗೇಟಲ್ಲಿ ನಿಂತು ಹೇಳ್ತೀನಿ."

"ಹೇಳು," ಎಂದರು. "ಆಮೇಲೆ ನನಗೊಂದು ಸೀಟಿನೂ ನೀನೇ ಕೊಡಿಸು."

ಇವರು ಅತ್ತ ತಿರುಗಿ ಮಲಗಿದರು. ನಾನು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು, ಇವರ ಸಂಕಟವೂ ಗೊತ್ತಿತ್ತು. ಎರಡರಲ್ಲಿ ಒಂದೂ ನನ್ನನ್ನು ಚುಚ್ಚಲಿಲ್ಲ. ನನಗೆ ಚೆನ್ನಾಗಿ ನಿದ್ದೆ ಬಂತು.

ಮೂರನೆಯ ಪಾರ್ಕು ಹಳೆಯದು. ಗೇಟಿನ ಬಣ್ಣ ಚಕ್ಕೆ ಏಳುತ್ತಿತ್ತು, ಟಿಕೆಟ್ಟಿನ ಕಿಟಕಿಯಲ್ಲಿ ಬೆಕ್ಕೊಂದು ಮಲಗಿತ್ತು. ಕೋಸ್ಟರು ಮರದ್ದು. ಬೋಗಿ ಹೋಗುವಾಗ ಇಡೀ ಚೌಕಟ್ಟು ಕಿರುಗುಟ್ಟುತ್ತಿತ್ತು. ನಮ್ಮವರ ಮುಖ ಅರಳಿತು. ಇಲ್ಲೂ ದೀಪವಿಲ್ಲ, ಇಲ್ಲೂ ತೊಡೆಯ ಮೇಲೆ ಇಬ್ಬರಿಗೊಂದು ಕಂಬಿ, ಇಲ್ಲೂ ಬ್ರೇಕು ಹಾಕಲು ಆಳೆತ್ತರದ ಸನ್ನೆಗೋಲು. ನಮ್ಮ ಪಾರ್ಕಿನದರ ಅಣ್ಣನೋ ತಮ್ಮನೋ ಎಂಬಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಂಬಿ ನೋಡುತ್ತಿದ್ದವನು ದಪ್ಪ ಮೀಸೆಯ ಮನುಷ್ಯ. ಇವರು ಕಾರ್ಡು ತೋರಿಸಿದ್ದೇ ಅವನು ಎರಡು ಕೈಯಿಂದ ಇವರ ಕೈ ಹಿಡಿದು ಕುಲುಕಿದ.

"ಎಷ್ಟು ವರ್ಷ ಆಯ್ತಣ್ಣ ನಿಮಗೆ?"

"ಮಗಳು ಹುಟ್ಟೋಕ್ಕಿಂತ ಮುಂಚಿಂದ."

"ಹಂಗಾದ್ರೆ ನೀವು ನಮ್ಮ ಗುರುಗಳು," ಎಂದ ಮೀಸೆ. ಇಬ್ಬರೂ ಗ್ರೀಸಿನ ಬಗ್ಗೆ, ಮಳೆ ಬಂದಾಗ ಹಳಿ ಜಾರುವುದರ ಬಗ್ಗೆ, ವಾಂತಿ ಮಾಡಿಕೊಳ್ಳುವವರ ಬಗ್ಗೆ ಮಾತಿಗೆ ನಿಂತರು. ಇವರು ಮೂರು ದಿನದಿಂದ ಅಷ್ಟು ಸುಖವಾಗಿ ನಕ್ಕಿರಲಿಲ್ಲ.

ಅತ್ತೆಗೆ ಮುಂದಿನ ಸಾಲೇ ಬೇಕಾಯಿತು. ನಾನು ಪಿಟೀಲಿನ ಪಕ್ಕ ಹೋಗಲು ನೋಡಿದೆ.

"ನಾನು ಅಜ್ಜಿ ಜೊತೆ ಕೂರ್ತೀನಿ," ಎಂದಳು ಪಿಟೀಲು, ನನ್ನ ಮುಖ ನೋಡಿಯೇ. ಯಾಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಅವರ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತೆ. ಅಲ್ಲಿಂದ ಅವರ ಕಂಬಿ ನನ್ನ ಕೈಗೆ ನಿಲುಕುತ್ತಿರಲಿಲ್ಲ.

ಕಂಬಿ ಇಳಿಸಿದರು. ನಮ್ಮವರು ಮುಂದಿನ ಸಾಲಿಗೆ ಬಂದರು. ಮೀಸೆ ಆಚೆ ಬದಿಯಲ್ಲಿ ನಿಂತು ಏನೋ ಕತೆ ಹೇಳುತ್ತಿದ್ದ. ಇವರು ಅವನ ಮುಖ ನೋಡಿ ತಲೆಯಾಡಿಸುತ್ತಲೇ ಬಲಗೈಯನ್ನು ಕಂಬಿಯ ಕೆಳಗೆ ತೂರಿಸಿ ಮೇಲಕ್ಕೆ ಎಳೆದರು. ನಾನು ಹಿಂದಿನಿಂದ ನೋಡುತ್ತಿದ್ದೆ. ಬೆರಳು ಮಡಿಸಿಕೊಂಡಿರಲೇ ಇಲ್ಲ. ಕೈ ಕಂಬಿಯನ್ನು ಸವರಿಕೊಂಡು ಸುಮ್ಮನೆ ಜಾರಿ ಹೊರಬಂತು. ಎರಡನೆಯ ಸಲವೂ ಹಾಗೆಯೇ.

"ಹೂಂ," ಎಂದರು.

ಪಿಟೀಲಿನ ತಲೆ ಹಿಂದಕ್ಕೆ ವಾಲಿತು. ಕಣ್ಣು ಮುಚ್ಚಿದಳೆಂದು ಅರ್ಥ.

ಮೀಸೆ ಎಲ್ಲ ಸಾಲುಗಳನ್ನೂ ತಾನು ಇನ್ನೊಮ್ಮೆ ಎಳೆದು ನೋಡಬೇಕು, ಅದು ಅವನ ಕೆಲಸ. ನನ್ನದನ್ನು ಎಳೆದ. ನನ್ನ ಹಿಂದಿನವರದನ್ನು ಎಳೆದ. ಮುಂದಿನ ಸಾಲಿಗೆ ಮಾತ್ರ ಹೋಗಲಿಲ್ಲ.

"ಅಲ್ಲಿ ನೋಡಲ್ವಾ?" ಎಂದೆ.

"ಅಣ್ಣ ನೋಡಿದ್ರಲ್ಲಮ್ಮ," ಎಂದ ಮೀಸೆ. "ಅವರು ನೋಡಿದ್ಮೇಲೆ ನಾನು ನೋಡಿದ್ರೆ ಚೆನ್ನಾಗಿರಲ್ಲ." ಬ್ರೇಕಿನ ಸನ್ನೆಗೋಲು ಹಿಡಿದವನಿಗೆ ಕೈ ಎತ್ತಿ ತೋರಿಸಿದ.

ಮರ್ಯಾದೆ. ಅವನು ಕೊಟ್ಟದ್ದು ಮರ್ಯಾದೆ. ಇಡೀ ಲೋಕದಲ್ಲಿ ಈ ಕೆಲಸದವರು ಮಾತ್ರ ಒಬ್ಬರಿಗೊಬ್ಬರು ಕೊಡಬಲ್ಲ ಮರ್ಯಾದೆ ಅದು. ನಮ್ಮವರು ಬೇಲಿಯ ಆಚೆ ಹೋಗಿ ನಿಂತು, ಆ ಮರ್ಯಾದೆಯಲ್ಲಿ ಒಂದು ಗೇಣು ಎತ್ತರವಾಗಿದ್ದರು. ಬೋಗಿ ಒಮ್ಮೆ ಜಗ್ಗಿ ಮೆಲ್ಲಗೆ ಚಲಿಸಿತು. ನಾನು ಕೊಟ್ಟ ಮಾತು ನೆನಪಾಯಿತು. ಇವರ ಮುಖ ಕಂಡಿತು. ಕಂಬಿ ಗಟ್ಟಿಯಾಗಿಯೇ ಇದ್ದು ನಾನು ಎಲ್ಲರೆದುರು ಇವರ ಮಾನ ತೆಗೆದರೆ ಏನು ಗತಿ ಎಂಬುದೂ ಹೊಳೆಯಿತು. ಇಷ್ಟೆಲ್ಲ ಹೊಳೆದರೂ ಎದೆ ಒಂದು ಬಡಿತ ಜಾಸ್ತಿ ಬಡಿಯಲಿಲ್ಲ. ಬಾಯಿಂದ ಮಾತು ದಿನಾ ಬಸ್ಸಿನಲ್ಲಿ ಬರುವ ಹಾಗೆಯೇ ಬಂತು.

"ರೀ, ನಿಲ್ಸಿ. ಇಳಿಯೋರಿದ್ದಾರೆ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಬ್ರೇಕಿನವನು ಅಭ್ಯಾಸಬಲದಿಂದ ಸನ್ನೆಗೋಲು ಎಳೆದ. ಬೋಗಿ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಿತು.

"ಏನಮ್ಮ? ಭಯ ಆಯ್ತಾ?" ಎಂದು ಮೀಸೆ ಓಡಿಬಂದ.

"ಮುಂದಿನ ಸಾಲು ನೋಡಿ," ಎಂದೆ. "ನೀವೇ ಎಳೆದು ನೋಡಿ."

ಅವನು ಬೇಲಿಯ ಕಡೆ, ನಮ್ಮವರ ಕಡೆ ನೋಡಿದ, ಅಪ್ಪಣೆ ಕೇಳುವವನಂತೆ. ಇವರು ತಮ್ಮ ಬಲಗೈ ನೋಡಿಕೊಂಡರು. ಮೀಸೆ ಬಗ್ಗಿ ಕಂಬಿಗೆ ಎರಡು ಬೆರಳು ಹಾಕಿದ. ಜೋರು ಮಾಡಬೇಕಾಗಲಿಲ್ಲ. ಕಂಬಿ ಪೆಟ್ಟಿಗೆಯ ಮುಚ್ಚಳದ ಹಾಗೆ ತಾನಾಗಿ ಮೇಲೆದ್ದು ಪಿಟೀಲಿನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಪಿಟೀಲು ಕಣ್ಣು ತೆರೆದು ಅದನ್ನೇ ನೋಡಿದಳು.

ಅತ್ತೆಯ ತೊಡೆಯ ಮೇಲೆ, ಶಾಲಿನ ಅಡಿಯಲ್ಲಿ, ಅವರ ದಪ್ಪ ಕೈಚೀಲವಿತ್ತು. ಕಂಬಿ ಅದರ ಮೇಲೆ ಕೂತಿತ್ತು, ಕೆಳಗೆ ಹೋಗಿ ಕಚ್ಚಿರಲಿಲ್ಲ.

"ಅಯ್ಯೋ, ನನ್ನದೇ ತಪ್ಪು!" ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ, ಚೀಲವನ್ನು ಎತ್ತಿ ತೋರಿಸುತ್ತ. "ಈ ಹಾಳು ಚೀಲ. ಶಾಲಿನೊಳಗೆ ಮುಚ್ಚಿಟ್ಕೊಂಡಿದ್ದೆ. ಅವನಿಗೆ ಹೇಗೆ ಕಾಣುತ್ತೆ? ಚೀಲದ್ದೇ ತಪ್ಪು."

ಮೀಸೆಯೂ ಅದಕ್ಕೇ ಕಾದಿದ್ದವನಂತೆ, "ಹೌದು ಹೌದು, ಚೀಲದಿಂದ ಆಗಿದ್ದು, ಆಗುತ್ತೆ ಬಿಡಿ," ಎಂದ. ಅವನ ಹಣೆಯಲ್ಲಿ ಬೆವರಿತ್ತು. ಎಲ್ಲರೂ ಸೇರಿ ಇವರ ಮಾನ ಉಳಿಸುತ್ತಿದ್ದರು. ಇವರು ಬೇಲಿ ದಾಟಿ ಒಳಗೆ ಬಂದರು.

"ಚೀಲ ಅಲ್ಲಮ್ಮ," ಎಂದರು. "ಕೈ."

ನಮ್ಮಲ್ಲಿ ಯಾರೂ ಆ ಕೋಸ್ಟರಿನಲ್ಲಿ ಹೋಗಲಿಲ್ಲ. ನಮ್ಮ ಮೂವರನ್ನು ಇಳಿಸಿ ಉಳಿದವರನ್ನು ಕಳಿಸಿದರು. ಮೀಸೆ ಎಲ್ಲ ಕಂಬಿಗಳನ್ನೂ ಮೊದಲಿಂದ ಎಳೆದು ನೋಡಿದ, ನಮ್ಮ ಕಡೆ ತಿರುಗದೆ.

ಕೋಸ್ಟರಿನ ಕೆಳಗೆ ಒಂದು ಬೆಂಚು. ಪಿಟೀಲು ಒಂದು ತುದಿಯಲ್ಲಿ ಕೂತು ತನ್ನ ಮಂಡಿಗಳನ್ನು ನೋಡಿಕೊಳ್ಳುತ್ತಿದ್ದಳು. ಅತ್ತೆ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ಇವರು ಎಲ್ಲವನ್ನೂ ಹೇಳಿದರು: ಡಾಕ್ಟರು, ನರ, ಸೂಜಿ. ಎಳೆಯುವಾಗ ಏನೂ ತಿಳಿಯಲಿಲ್ಲವೆಂದು ಹೇಳಿದರು. ಏನೂ ತಿಳಿಯದಿದ್ದರೂ "ಹೂಂ" ಎಂಬುದು ತಾನಾಗಿ ಬಂತೆಂದು ಹೇಳಿದರು. ಯಾರೂ ಬೈಯಲಿಲ್ಲ. ನಾನಾದರೂ ಬೈಯಬಹುದಿತ್ತು, ಬೈಗುಳಕ್ಕೆ ನನ್ನಲ್ಲಿ ಎಂದೂ ಬರ ಇರಲಿಲ್ಲ. ಮಗಳು ಬದುಕಿ ಪಕ್ಕದಲ್ಲಿ ಕೂತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ, ಅಂಗಡಿಯಲ್ಲಿ ಗಿರಾಕಿಯ ಅಳತೆಯನ್ನು ಬಾಯಿಪಾಠ ಮಾಡಿಕೊಳ್ಳುವ ಹಾಗೆ.

"ಈಗ ಫೋನ್ ಮಾಡ್ತೀನಿ," ಎಂದರು. ಎಡಗೈಯಿಂದ ತಡವರಿಸುತ್ತ ಒತ್ತಿದರು. ಫೋನಿನಲ್ಲಿ ಮಾತಾಡುವಾಗ ಸ್ಪೀಕರ್ ಹಾಕಿ ಇಡೀ ಬೀದಿಗೆ ಕೇಳಿಸುವುದು ಇವರ ಅಭ್ಯಾಸ. ಈಗಲೂ ಹಾಗೆಯೇ ಹಾಕಿ ಫೋನನ್ನು ಮಂಡಿಯ ಮೇಲಿಟ್ಟುಕೊಂಡರು.

ಸೂಪರ್‌ವೈಸರ್ ಎತ್ತಿಕೊಂಡು, "ಏನಪ್ಪ, ರಜೆ ಹೆಂಗಿದೆ?" ಎಂದರು.

"ಸಾರ್, ಒಂದು ವಿಷಯ. ನನ್ನ ಬಲಗೈಯಲ್ಲಿ ಸ್ಪರ್ಶ ಹೋಗಿದೆ ಸಾರ್. ಪೂರ್ತಿ ಹೋಗಿದೆ. ಸೀಸನ್‌ಗೆ ನಾನು ಕಂಬಿ ನೋಡೋಕೆ ಆಗಲ್ಲ."

ಅತ್ತ ಹಿಂದೆ ಎಲ್ಲೋ ಸುತ್ತಿಗೆಯ ಏಟು ಕೇಳಿಸುತ್ತಿತ್ತು, ರಿಪೇರಿ ನಡೆದಿತ್ತು.

"ಗೊತ್ತಪ್ಪ," ಎಂದರು ಸೂಪರ್‌ವೈಸರ್. "ನಮಗೆಲ್ಲ ಗೊತ್ತು. ಹೋದ ಸೀಸನ್ ಶುರುವಿಂದ್ಲೇ ಗೊತ್ತು."

ಇವರು ಫೋನನ್ನೇ ನೋಡುತ್ತಿದ್ದರು.

"ನೀನು ಮುಂದಿನ ಸಾಲಿಗೆ ಹೋಗ್ತಿದ್ದ ಹಾಗೆ ಪ್ಲಾಟ್‌ಫಾರ್ಮ್‌ಗೆ ಜನ ಬಿಡೋ ನಮ್ಮ ಗೇಟಿನ ಅಕ್ಕ ನಿನ್ನ ಹಿಂದೆ ಬಂದು ಎಲ್ಲಾ ಎಳೆದು ನೋಡ್ತಿದ್ರು. ಬ್ಯಾಗ್ ಒಳಗೆ ಇಟ್ಕೊಳ್ಳಿ, ಟೋಪಿ ತೆಗೀರಿ ಅಂತ ಏನಾದ್ರೂ ಹೇಳ್ಕೊಂಡು. ಒಂದು ಸಾಲೂ ಬಿಟ್ಟಿಲ್ಲ ಪುಣ್ಯಾತ್ಗಿತ್ತಿ. ಯಾರಿಗೂ ಏನೂ ಆಗಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ, ಅಷ್ಟೇ."

"ಹೌದಾ ಸಾರ್," ಎಂದರು ಇವರು.

"ಅದಕ್ಕೆ ತಲೆ ಕೆಡಿಸ್ಕೋಬೇಡ. ಬಂದು ನಿಂತ್ಕೋ. ನಿನ್ನ ಮುಖ ನೋಡಿದ್ರೆ ಜನಕ್ಕೆ ಧೈರ್ಯ. ಅಕ್ಕ ನೋಡ್ಕೋತಾರೆ."

"ಬೇಡ ಸಾರ್," ಎಂದರು ಇವರು. "ಬೇರೆಯವರನ್ನ ನಿಲ್ಸಿ." ಫೋನು ಮುಚ್ಚಿ ಜೇಬಿಗೆ ಹಾಕಿಕೊಂಡರು. ಒಂದೇ ಸಲಕ್ಕೆ ಜೇಬು ಸಿಗಲಿಲ್ಲ.

ಯಾರಿಗೂ ಏನೂ ಆಗಿಲ್ಲ. ಅದನ್ನು ಕೇಳಿ ನನಗೆ ಜೀವ ಬಂದಂತಾಗಬೇಕಿತ್ತು. ಜಾಕೆಟ್ಟಿನ ನೆಪ ಮಾಡಿದವಳು ನಾನೊಬ್ಬಳೇ ಅಲ್ಲವೆಂದು ಮಾತ್ರ ಅನ್ನಿಸಿತು. ಪಿಟೀಲು ಎದ್ದು ಬಂದು ಅಪ್ಪನ ಇನ್ನೊಂದು ಪಕ್ಕ ಕೂತಳು. ತಲೆಯ ಮೇಲೆ ಬೋಗಿ ಕಿರುಗುಟ್ಟುತ್ತ ಹಾದುಹೋಯಿತು, ಜನ ಕಿರುಚಿದರು. ಆ ಸದ್ದೆಲ್ಲ ಇಳಿದ ಮೇಲೆ ಇವರು ಬಾಯಿಬಿಟ್ಟರು.

"ಹಾಗಾದ್ರೆ ಹೋದ ವರ್ಷ ಪೂರ್ತಿ ನಾನು ಅಲ್ಲಿ ಏನ್ ಮಾಡ್ತಿದ್ದೆ?"

ಅತ್ತೆ ನನ್ನ ಕಡೆ ನೋಡಿದರು. ನಾನು ಪಿಟೀಲಿನ ಕಡೆ ನೋಡಿದೆ. ನಾನು ಸರಿದು ಕೂತು ಇವರ ಬಲಗೈಯನ್ನು ನನ್ನ ಎರಡು ಕೈಯಲ್ಲಿ ಹಿಡಿದುಕೊಂಡೆ. ಇವರು ಹಳಿಯ ಕಡೆಗೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿದೆ. ಕೊನೆಗೆ, "ನಿಮ್ಮ ಕೈ ಹಿಡ್ಕೊಂಡಿದ್ದೀನಿ ರೀ," ಎಂದು ಬಾಯಿಬಿಟ್ಟು ಹೇಳಬೇಕಾಯಿತು.